ಕಣ್ಣಿನೊಳಗಿನ ಚೌಕ

ಹೆಂಡತಿಯ ಕಣ್ಣಿನಲ್ಲಿ ಬೆಳಕು ಚೌಕವಾಗಿತ್ತು. ಅವನ ಸ್ಟುಡಿಯೋದಲ್ಲಿ ತೆಗೆದ ಯಾವ ಫೋಟೋದಲ್ಲೂ ಬೆಳಕು ಚೌಕವಾಗಿ ಬಿದ್ದಿರಲಿಲ್ಲ. ಅವನ ಹಳೆಯ ಫ್ಲ್ಯಾಶಿನ ಬೆಳಕು ಬಿಳಿ ಕೊಡೆಗೆ ಬಡಿದು ತಿರುಗಿ ಬರುತ್ತಿದ್ದರಿಂದ ಊರಿನ ಅರ್ಧ ಜನ ತಮ್ಮ ಗುರುತಿನ ಚೀಟಿಗಳಲ್ಲಿ ದುಂಡನೆಯ ಚುಕ್ಕೆಯೊಂದನ್ನು ಕಣ್ಣಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಆ ಅರ್ಧ ಜನರಲ್ಲಿ ತನ್ನ ಹೆಂಡತಿಯೂ ಒಬ್ಬಳೆಂದು ಅವನು ಯೋಚಿಸುವ ಗೋಜಿಗೆ ಹೋಗದೆ ನಂಬಿಕೊಂಡಿದ್ದ. ಈಗ ಊಟದ ಮೇಜಿನ ಮೇಲೆ, ಅವಳು ಅರ್ಧ ತಿದ್ದಿ ಬಿಟ್ಟುಹೋದ ಗಣಿತದ ಉತ್ತರಪತ್ರಿಕೆಗಳ ಪಕ್ಕದಲ್ಲಿ, ಮೊನ್ನೆಯ ತಾರೀಖು ಬರೆದ, ಮೇಲುಬೀದಿಯ ಸ್ಟುಡಿಯೋದ ಹಳದಿ ಲಕೋಟೆ ಬಿದ್ದಿತ್ತು. ಒಳಗೆ ಅವಳ ಫೋಟೋದ ನಾಲ್ಕಾರು ಪ್ರತಿಗಳು. ಬೇರೆ ಯಾವ ಗಂಡನಾದರೂ ಮೊದಲು ಮುಖ ನೋಡುತ್ತಿದ್ದನೇನೋ. ಇವನು ಮೆಟ್ಟಿಲಿಳಿದು ಮನೆಯ ಕೆಳಗಿನ ತನ್ನ ಸ್ಟುಡಿಯೋಗೆ ಹೋಗಿ ಭೂತಗನ್ನಡಿ ತಂದು, ಅವಳ ಕಣ್ಣಿನ ಮೇಲೆ ಹಿಡಿದು, ದೀಪದ ಆಕಾರವನ್ನು ನೋಡಿದ. ಚೌಕ; ಚೌಕದ ನಡುವೆ ಅಡ್ಡಕ್ಕೊಂದು ಉದ್ದಕ್ಕೊಂದು ಕೂದಲೆಳೆಯಷ್ಟು ಕಪ್ಪು ಗೆರೆ. ಎರಡು ಕಣ್ಣಿನಲ್ಲೂ ಅಷ್ಟೇ. ಇಂಥ ದೀಪ ಮೇಲುಬೀದಿಯವನಿಗೆ ಎಲ್ಲಿ ಸಿಕ್ಕಿತು ಎಂಬುದು ಅವನಿಗೆ ಹೊಳೆದ ಮೊದಲ ಪ್ರಶ್ನೆ. ಇವಳು ಅಲ್ಲಿಗೆ ಯಾಕೆ ಹೋದಳು ಎಂಬುದು ಎರಡನೆಯದು, ಮತ್ತು ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದಕ್ಕೂ ಸಿಕ್ಕಂತೆಯೇ ಎಂದು ಅವನಿಗೆ ಅನಿಸಿತು.

ಫೋಟೋ ಯಾತಕ್ಕೆಂದು ಮಾತ್ರ ಕೇಳಬೇಕಾಗಿರಲಿಲ್ಲ. ಅವಳು ಈಚೆಗಷ್ಟೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ಶಾಲೆಯ ಮೊಗಸಾಲೆಯಲ್ಲಿ ಹಿಂದಿನ ಮುಖ್ಯಸ್ಥರ ಫೋಟೋಗಳು ಸಾಲಾಗಿ ತೂಗುತ್ತಿದ್ದವು. ಅವುಗಳಲ್ಲಿ ಕೊನೆಯ ಮೂರನ್ನು ತೆಗೆದವನು ಇವನೇ. ಚೌಕಟ್ಟಿನ ಮೂಲೆಯಲ್ಲಿ ಇವನ ಸ್ಟುಡಿಯೋದ ಪುಟ್ಟ ಹೆಸರಚೀಟಿ ಈಗಲೂ ಹಾಗೇ ಇತ್ತು. ಸೋಮವಾರ ಅವಳು ಫೋಟೋ ಒಪ್ಪಿಸಿದರೆ ನಾಲ್ಕನೆಯ ಚೌಕಟ್ಟಿನಲ್ಲಿ ಅವನ ಸ್ವಂತ ಹೆಂಡತಿ ಮೇಲುಬೀದಿಯ ಚೀಟಿ ಅಂಟಿಸಿಕೊಂಡು, ಮಕ್ಕಳು ಮರಿ ಪೋಷಕರು ಎಲ್ಲರೂ ಹಾದುಹೋಗುವ ಜಾಗದಲ್ಲಿ, ಕಟ್ಟಡ ಬೀಳುವವರೆಗೆ ನೇತಾಡುತ್ತಾಳೆ. ಇದನ್ನು ಅವನು ಮನಸ್ಸಿನಲ್ಲೇ ಒಮ್ಮೆ ನೋಡಿದ, ಮತ್ತೆ ನೋಡಿದ. ಮೇಲುಬೀದಿ ಎಂದು ಅವನು ಆ ಮನುಷ್ಯನನ್ನು ಕರೆಯುತ್ತ ಬಂದು ಎಷ್ಟೋ ಕಾಲವಾಗಿತ್ತು. ಹಾಗಾದರೆ ಊರಿನವರು ತನ್ನನ್ನು ಕೆಳಬೀದಿ ಎಂದು ಕರೆಯುತ್ತಿರಬೇಕು ಎಂಬುದು ಇವತ್ತು ಬೆಳಿಗ್ಗೆ, ಮೊದಲ ಬಾರಿಗೆ, ಮೇಜಿನ ಪಕ್ಕ ನಿಂತಾಗ ಹೊಳೆಯಿತು.

ಮೂಲೆಯ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಅಮ್ಮ ಕೈಚಾಚಿ ಒಂದು ಪ್ರತಿಯನ್ನು ಇಸಿದುಕೊಂಡಳು. ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

“ನೋಡೋ, ನಮ್ಮ ಸೊಸೆ ಎಷ್ಟು ಲಕ್ಷಣವಾಗಿ ಬಂದಿದಾಳೆ. ಇದು ನೀನು ತೆಗೆದಿದ್ದಲ್ಲ ತಾನೇ?”

“ಅಲ್ಲ.”

“ಅದೇ ಅಂದ್ಕೊಂಡೆ,” ಎಂದು ಅಮ್ಮ ಫೋಟೋ ಹಿಂದಕ್ಕೆ ಕೊಟ್ಟು ಮತ್ತೊಂದು ಕಾಯಿ ಬಿಡಿಸಿದಳು. “ನಿನ್ನ ಕೈಗೆ ಸಿಕ್ರೆ ಎಲ್ಲರೂ ಜ್ವರದಿಂದ ಎದ್ದವರ ಹಾಗೆ ಕಾಣ್ತಾರೆ. ನನಗಾದ್ರೆ ವಯಸ್ಸಾಯ್ತು, ಬಿಡು.”

ಅಮ್ಮನ ಮಾತಿನಲ್ಲಿ ವಿಷವಿರಲಿಲ್ಲ. ಬಟಾಣಿಯ ಬಗ್ಗೆಯೂ ಅವಳು ಹೀಗೇ ಮಾತಾಡುತ್ತಿದ್ದಳು, ಇದು ಹುಳುಕು, ಇದು ಚೆನ್ನಾಗಿದೆ ಎಂದು. ಆದರೂ ಅವನ ಕಿವಿ ಬಿಸಿಯಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಸಮಾಧಾನ ಹೇಳಿಕೊಂಡ. ಅವನ ಫ್ಲ್ಯಾಶಾದರೂ ಈಚೆಗೆ ಒಂದು ಸಲ ಹೊಡೆದರೆ ಮತ್ತೆ ಶಕ್ತಿ ತುಂಬಿಕೊಳ್ಳಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು ಎಂದರೆ, ಆ ಹೊತ್ತಿನಲ್ಲಿ ಗಿರಾಕಿಯ ಮುಖದ ನಗು ಹಳಸಿ ಹೋಗುತ್ತಿತ್ತು. ತಪ್ಪು ದೀಪದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯೂ ಅದೇ ಉಸಿರಿನಲ್ಲಿ ನೆನಪಾಯಿತು. ಅದನ್ನು ಅವನು ಬಾಗಿಲಿನ ಹೊರಗೇ ನಿಲ್ಲಿಸಿ, ಫೋಟೋದ ಒಂದು ಪ್ರತಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ತನ್ನ ಮನೆಯ ಮೆಟ್ಟಿಲನ್ನು ತಾನೇ ಕಳ್ಳನ ಹಾಗೆ ಇಳಿದು ದೀಪದಂಗಡಿಗೆ ಹೊರಟ.

ಅಂಗಡಿಯಲ್ಲಿ ದೀಪಗಳು ಕಾಲಿನ ಮೇಲೆ ನಿಂತು, ಕೆಲವು ತಲೆ ಬಗ್ಗಿಸಿ, ಕೆಲವು ತಲೆ ಎತ್ತಿ, ಅವನನ್ನೇ ಕಾಯುತ್ತಿದ್ದಂತಿತ್ತು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದ ಅಂಗಡಿಯವನು ಬಹಳ ಮಾತಿನವನು.

“ಏನು ಬೇಕಿತ್ತು ಸಾರ್? ಫ್ಲ್ಯಾಶೋ, ಸದಾ ಉರಿಯೋ ದೀಪಾನೋ?”

“ಫ್ಲ್ಯಾಶು.”

“ಒಳ್ಳೇದು. ಈಗ ಎಲ್ಲರ ಬಾಯಲ್ಲೂ ಎಲ್‌ಇಡಿ. ಉರಿಯೋ ದೀಪದ ಮುಂದೆ ಕೂರ್ಸಿದ್ರೆ ಮನುಷ್ಯ ಕಣ್ಣು ಕಿರಿದು ಮಾಡ್ತಾನೆ, ಬೆವರ್ತಾನೆ. ಫ್ಲ್ಯಾಶಾದ್ರೆ ಅವನಿಗೆ ಗೊತ್ತಾಗೋಷ್ಟರಲ್ಲಿ ನಮ್ಮ ಕೆಲಸ ಮುಗಿದಿರುತ್ತೆ. ರೂಮು ದೊಡ್ಡದಾ?”

“ಚಿಕ್ಕದು.”

“ಹಾಗಾದ್ರೆ ಇನ್ನೂರು ವ್ಯಾಟಿಂದು ಸಾಕು. ನಾನೂರರದ್ದು ಚಿಕ್ಕ ರೂಮಿಗೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.”

ಸಾಕು ಎಂಬ ಮಾತು ಅವನಿಗೆ ಹಿಡಿಸಲಿಲ್ಲ. ಚಿಕ್ಕದು ಎಂದು ಒಪ್ಪಿಕೊಂಡದ್ದಕ್ಕೇ ಬೇಜಾರಾಗಿತ್ತು. ಮೇಲುಬೀದಿಯವನ ರೂಮು ಎಷ್ಟು ದೊಡ್ಡದಿರಬಹುದು? ಒಂದು ಸಲವೂ ಒಳಗೆ ಹೋಗಿ ನೋಡಿರಲಿಲ್ಲ. ಇವನು ಇನ್ನೂರರ ಮುಂದೆ ನಿಂತು ನಾನೂರನ್ನು ನೋಡಿದ, ನಾನೂರರ ಮುಂದೆ ನಿಂತು ಇನ್ನೂರನ್ನು ನೋಡಿದ. ಮದುವೆಗೆ ಹುಡುಗಿ ನೋಡಿದಾಗಲೂ ಇಷ್ಟು ಮೀನ ಮೇಷ ಎಣಿಸಿರಲಿಲ್ಲ. ಅಂಗಡಿಯವನು ಅಷ್ಟರಲ್ಲಿ ಪ್ಲಾಸ್ಟಿಕ್ಕಿನ ಬೋಳು ತಲೆಯೊಂದನ್ನು ಎತ್ತಿ ತಂದು ಸ್ಟೂಲಿನ ಮೇಲಿಟ್ಟ. ಅದಕ್ಕೆ ಬಣ್ಣದಲ್ಲಿ ಬರೆದ, ಹೊಳೆಯುವ ಕಣ್ಣುಗಳಿದ್ದವು.

“ಇವರು ನಮ್ಮ ಮೇಡಂ. ಇವರಷ್ಟು ಒಳ್ಳೆ ಮಾಡೆಲ್ ಎಲ್ಲೂ ಸಿಗಲ್ಲ ಸಾರ್. ಬೇಜಾರು ಮಾಡ್ಕೊಳ್ಳಲ್ಲ, ಅಲ್ಲಾಡಲ್ಲ, ತೆಗೆದದ್ದು ಎಲ್ಲಿ ತೋರ್ಸಿ ಅಂತ ಕೇಳಲ್ಲ.”

ಅವನು ನಕ್ಕ. ನಗು ಅರ್ಧಕ್ಕೆ ನಿಂತಿತು. ಮನೆಯ ಕೆಳಗಿನ ಸ್ಟುಡಿಯೋ ಕೋಣೆಯ ಸ್ಟೂಲಿನ ಮೇಲೆ ಹೆಂಡತಿ ಮೊದಲ ಸಲ ಕೂತಾಗ ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟುಕೊಂಡು ಬಂದಿದ್ದಳು. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ‘ಇಷ್ಟೆಲ್ಲ ಯಾಕೆ, ಗಿರಾಕಿ ಬರೋ ಮುಂಚೆ ಬೆಳಕು ಸರಿ ಇದೆಯಾ ಅಂತ ನೋಡೋಕೆ ಅಷ್ಟೇ’ ಎಂದಿದ್ದ. ಅವಳು ನಕ್ಕಿದ್ದಳು. ಮುಂದಿನ ಸಲ ಬಟ್ಟೆ ಬದಲಾಯಿಸಲಿಲ್ಲ. ಅದರ ಮುಂದಿನ ಸಲ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಆಮೇಲೆ ಆಮೇಲೆ ಒಂದು ಕೈಯಲ್ಲಿ ಉತ್ತರಪತ್ರಿಕೆ ಹಿಡಿದುಕೊಂಡೇ ಬಂದು ಕೂತು, ಎಡಗೆನ್ನೆ ತಿರುಗಿಸಿ, ಬೆಳಕು ಹೊಡೆದ ಮೇಲೆ ‘ಸರಿ ಇತ್ತಾ?’ ಎಂದು ಕೇಳಿ ಎದ್ದು ಹೋಗುತ್ತಿದ್ದಳು. ದಿನವೂ ಒಂದಲ್ಲ ಒಂದು ಸಲ. ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಇವನು ಆ ಫೋಟೋ ಅಳಿಸಿರುತ್ತಿದ್ದ. ಇಟ್ಟುಕೊಂಡು ಮಾಡುವುದೇನು, ಕೆನ್ನೆಯ ಮೇಲೆ ಬೆಳಕು ನೋಡಿಯಾಯಿತಲ್ಲ. ಮದುವೆಯಾದ ಈ ಹದಿನೆಂಟು ವರ್ಷದಲ್ಲಿ ಈ ಊರಿನಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಹೆಂಗಸು ಅವಳೇ ಇರಬೇಕು. ಅದರಲ್ಲಿ ಒಂದಾದರೂ ಉಳಿದಿದೆಯೇ ಎಂದು ಯೋಚಿಸಲು ಹೊರಟು, ಅಂಗಡಿಯವನು ಫಕ್ಕನೆ ಫ್ಲ್ಯಾಶು ಹೊಡೆದದ್ದರಿಂದ ಬೆಚ್ಚಿ ಅಲ್ಲಿಗೇ ಬಿಟ್ಟ.

“ನೋಡಿ, ಕೊಡೆ ಹಾಕಿದ್ರೆ ಕಣ್ಣಲ್ಲಿ ದುಂಡಗೆ. ಎಂಟು ಮೂಲೆದು ಹಾಕಿದ್ರೆ ಇನ್ನೂ ಚೆಂದ, ಅದೂ ಹೆಚ್ಚುಕಮ್ಮಿ ದುಂಡಗೇ. ನಿಮಗೆ ಯಾವುದು?”

“ಇದು,” ಎಂದು ಅವನು ಜೇಬಿನಿಂದ ಫೋಟೋ ತೆಗೆದುಕೊಟ್ಟ. “ಈ ಕಣ್ಣಲ್ಲಿರೋದು.”

ಅಂಗಡಿಯವನು ಕನ್ನಡಕ ಇಳಿಸಿಕೊಂಡ. ಅವನೂ ಕಸುಬಿನವನೇ, ಕಣ್ಣನ್ನೇ ನೋಡುತ್ತಾನೆ ಎಂದುಕೊಂಡರೆ, ಆ ಮನುಷ್ಯ ಮುಖ ನೋಡುತ್ತ ನಿಂತುಬಿಟ್ಟ.

“ಯಾರು ಸಾರ್ ಇವರು?”

“ಗಿರಾಕಿ.”

ಅಂದದ್ದು ಸುಳ್ಳೂ ಅಲ್ಲ. ಗಿರಾಕಿಯೇ, ಅಂಗಡಿ ಮಾತ್ರ ಬೇರೆ.

“ತೆಗೆದವರ ಜೊತೆ ಏನೋ ಹೇಳ್ತಾ ಇದ್ರು ನೋಡಿ. ಮಾತು ಇನ್ನೂ ಪೂರ್ತಿ ಮುಗಿದಿಲ್ಲ, ಅಷ್ಟರಲ್ಲಿ ಹಿಡಿದುಬಿಟ್ಟಿದಾರೆ. ಇಂಥದ್ದು ದೀಪದಿಂದ ಬರಲ್ಲ ಬಿಡಿ,” ಎಂದವನು, ಇಂಥ ಮಾತು ಆಡುವ ಅಂಗಡಿಯವನು ಉದ್ಧಾರವಾಗುವುದಿಲ್ಲ ಎಂದು ನೆನಪಾದವನಂತೆ ಕೂಡಲೇ ತಿದ್ದಿಕೊಂಡ. “ಆದ್ರೆ ದೀಪಾನೂ ಮುಖ್ಯ. ಇದು ನಮ್ಮ ಮಾಲೇ ಸಾರ್. ಚೌಕದ ಸಾಫ್ಟ್‌ಬಾಕ್ಸು, ದೀಪದ ಮುಂದೆ ಸಿಕ್ಕಿಸೋ ಬಟ್ಟೆ ಡಬ್ಬಿ. ನಡುವೆ ಗೆರೆ ಇದೆಯಲ್ಲ, ಅದು ಜಾಳಿಗೆ. ಬೆಳಕು ಆಚೆ ಈಚೆ ಚೆಲ್ಲದ ಹಾಗೆ ಮುಂದೆ ಬಟ್ಟೆ ಜಾಳಿಗೆ ಕಟ್ಟಿದಾರೆ. ನೂರಕ್ಕೆ ನೂರು.”

ಅವನು ಫೋಟೋ ಇಸಿದುಕೊಂಡು ಬೆಳಿಗ್ಗೆಯಿಂದ ಮೊದಲ ಸಲ ಅವಳ ಬಾಯಿ ನೋಡಿದ. ತುಟಿ ಒಂದಿಷ್ಟು ತೆರೆದಿತ್ತು. ಮೇಲುಬೀದಿಯವನಿಗೆ ಏನು ಹೇಳುತ್ತಿದ್ದಳು? ತನ್ನ ಜೊತೆ ಅವಳು ಆಡುವ ಮಾತು ಅವನಿಗೆ ಬಾಯಿಪಾಠವಿತ್ತು: ಗ್ಯಾಸು ಮುಗಿಯಿತು, ಅಮ್ಮನ ಮಾತ್ರೆ ತನ್ನಿ, ಬೆಳಕು ಸರಿ ಇತ್ತಾ. ಇವುಗಳಲ್ಲಿ ಯಾವ ಮಾತಿಗೂ ತುಟಿ ಹೀಗೆ ತೆರೆಯುವುದಿಲ್ಲ. ಫೋಟೋವನ್ನು ಜೇಬಿಗೆ ತುರುಕಿದ. ಇದು ಹೊಟ್ಟೆಕಿಚ್ಚು ಎಂದು ಅವನಿಗೆ ಗೊತ್ತಾಯಿತು, ಗೊತ್ತಾದದ್ದರಿಂದ ನಾಚಿಕೆಯಾಯಿತು, ನಾಚಿಕೆಯಲ್ಲಿ ನಾನೂರರ ದೀಪವನ್ನೇ ಕೊಂಡ. ಚೌಕದ ಸಾಫ್ಟ್‌ಬಾಕ್ಸನ್ನೂ ಕೊಂಡ. ಜಾಳಿಗೆಯನ್ನೂ ಕೊಂಡ. ಪ್ಲಾಸ್ಟಿಕ್ ತಲೆ ಬೇಕೇ ಎಂದು ಅಂಗಡಿಯವನು ಕೇಳಿದ್ದಕ್ಕೆ, ಬೇಡ, ಮನೆಯಲ್ಲಿ ಇದೆ ಎಂದ. ಆ ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳಲು ಹೋಗಲಿಲ್ಲ, ಅಂಗಡಿಯವನು ಆಗಲೇ ಪೆಟ್ಟಿಗೆಗೆ ದಾರ ಕಟ್ಟುತ್ತಿದ್ದ.

ಮನೆಗೆ ಎರಡು ದಾರಿ. ಶಾಲೆಯ ಮುಂದೆ ಹಾಯುವ ಮೇಲುಬೀದಿಯ ದಾರಿ ಬೇಡವೆಂದುಕೊಂಡೇ ಹೊರಟಿದ್ದವನ ಕಾಲುಗಳು ಆ ದಾರಿಯನ್ನೇ ಹಿಡಿದವು. ಮೇಲುಬೀದಿಯವನು ತನ್ನ ಸ್ಟುಡಿಯೋದ ಮೆಟ್ಟಿಲ ಮೇಲೆ ಟೀ ಕುಡಿಯುತ್ತ ಕೂತಿದ್ದ. ಪೆಟ್ಟಿಗೆ ಹೊತ್ತವನಿಗೆ ತಲೆ ಮರೆಸಿಕೊಳ್ಳಲು ಬರುವುದಿಲ್ಲ.

“ಏನಣ್ಣ, ಹೊಸ ಲೈಟಾ?”

“ಹೂಂ. ಹಳೇದು ಕೈಕೊಡ್ತು.”

“ಪುಣ್ಯವಂತರು. ನಂದು ರಿಪೇರಿಗೆ ಹೋಗಿ ವಾರ ಆಯ್ತು, ಇವತ್ತು ನಾಳೆ ಅಂತಾನೇ ಇದಾನೆ.”

ಎಂಥ ಗಟ್ಟಿಗ ಎಂದುಕೊಂಡ ಇವನು. ಕಸುಬಿನ ಗುಟ್ಟು ಬಿಟ್ಟುಕೊಡಬೇಡ, ಸರಿ. ಹಾಗಂತ ದೀಪವೇ ಇಲ್ಲ ಎನ್ನುವುದೇ? ವಾರದ ಹಿಂದೆ ರಿಪೇರಿಗೆ ಹೋದ ದೀಪ ಮೊನ್ನೆ ತೆಗೆದ ಫೋಟೋದಲ್ಲಿ ನನ್ನ ಹೆಂಡತಿಯ ಕಣ್ಣಿನಲ್ಲಿ ಹೇಗೆ ಕೂತಿತು, ಹೇಳಪ್ಪ? ಇದನ್ನು ಬಾಯಿ ಬಿಟ್ಟು ಕೇಳಲು ಅವನಿಗೆ ಬಹಳ ಆಸೆಯಾಯಿತು. ಕೇಳಿದರೆ ಹೆಂಡತಿಯ ಹೆಸರು ಬರುತ್ತದೆ. ಬಾಯಿಗೆ ಬೀಗ ಹಾಕಿಕೊಂಡು, ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ನಡೆದ. ಹಿಂದಿನಿಂದ ಆ ಮನುಷ್ಯ, “ಅಕ್ಕಾವ್ರಿಗೆ ಕೇಳ್ದೆ ಅಂತ ಹೇಳಿ,” ಎಂದದ್ದೂ ಕೇಳಿಸಿತು.

ಕೆಳಗಿನ ಕೋಣೆಯಲ್ಲಿ ಹಳೆಯ ಕೊಡೆಯನ್ನು ಮಡಚಿ ಮೂಲೆಗೆ ಒರಗಿಸಿದ. ಹೊಸ ದೀಪ ನಿಲ್ಲಿಸಿದ. ಸಾಫ್ಟ್‌ಬಾಕ್ಸನ್ನು ಬಿಚ್ಚಿದರೆ ಅದು ಕೋಣೆಯ ಅರ್ಧವನ್ನು ನುಂಗಿತು. ಹಿಂಬದಿ ಗೋಡೆಗೆ ತಗುಲುತ್ತಿತ್ತು. ಆ ಗೋಡೆಯಲ್ಲಿ ಹಿಂದೆ ಒಂದು ಕಿಟಕಿಯಿತ್ತು. ಮದುವೆಯಾದ ಹೊಸತರಲ್ಲಿ ಅವಳು ಆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಪತ್ರಿಕೆ ತಿದ್ದುತ್ತಿದ್ದಳು. ಹೊರಗಿನ ಬೆಳಕು ಗಳಿಗೆಗೊಂದು ಬಣ್ಣ, ನಂಬಿ ಕೆಲಸ ಮಾಡಲಾಗುವುದಿಲ್ಲ ಎಂದು ಇವನು ಹಲಗೆ ಹೊಡೆದು ಕಪ್ಪು ಬಣ್ಣ ಬಳಿದ ದಿನ, ‘ಒಂದು ಮಾತು ಹೇಳಬಾರದಿತ್ತಾ’ ಎಂದಿದ್ದಳು ಅಷ್ಟೆ. ಕುರ್ಚಿ ಎತ್ತಿಕೊಂಡು ಮೇಲಿನ ಊಟದ ಮೇಜಿಗೆ ಹೋದವಳು ಮತ್ತೆ ಇಳಿದದ್ದು ಬೆಳಕು ನೋಡುವುದಕ್ಕೆ ಕರೆದಾಗ ಮಾತ್ರ. ಈಗ ಮೇಲಿನಿಂದ, ಶಾಲೆಯಿಂದ ಬಂದ ಅವಳು ಚಪ್ಪಲಿ ಬಿಟ್ಟ ಸದ್ದು, ಅಮ್ಮನ ಜೊತೆ ಏನೋ ಮಾತು, ನಗು. ಅವನು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ.

“ಒಂದು ನಿಮಿಷ ಬರ್ತೀಯಾ?”

ಅವಳು ಕೆಂಪು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದಳು. ಹೊಸ ದೀಪವನ್ನು ನೋಡಿ, “ಅಯ್ಯೋ, ಇಷ್ಟು ದೊಡ್ಡದಾ?” ಎಂದು, ಅದರ ಕಾಲನ್ನು ಸುತ್ತುಹಾಕಿ, ಹೇಳಿಸಿಕೊಳ್ಳದೆ ಸ್ಟೂಲಿನ ಮೇಲೆ ಕೂತು ಎಡಗೆನ್ನೆ ತಿರುಗಿಸಿದಳು. ಅವನು ಒತ್ತಿದ. ಬೆಳಕು ಹೊಡೆಯಿತು, ಹಳೆಯದರ ಹಾಗೆ ಕೊಸರಾಡದೆ, ಕಣ್ಣು ಮಿಟುಕಿಸುವುದರೊಳಗೆ ಮತ್ತೆ ತುಂಬಿಕೊಂಡು ಬೀಪ್ ಎಂದಿತು. ಅವನಿಗೆ ನಿಜವಾಗಿಯೂ ಖುಷಿಯಾಯಿತು. ತೆರೆಯಲ್ಲಿ ಕಣ್ಣನ್ನು ದೊಡ್ಡದು ಮಾಡಿ ನೋಡಿದರೆ ಅಲ್ಲಿ ಚೌಕವೂ ಇಲ್ಲ, ದುಂಡೂ ಇಲ್ಲ. ರೆಪ್ಪೆ ಮುಚ್ಚಿತ್ತು.

“ಕಣ್ಣು ಮುಚ್ಚಿದೀಯ.”

“ಯಾವಾಗ್ಲೂ ಮುಚ್ತೀನಲ್ಲ.”

“ಯಾವಾಗ್ಲೂ?”

“ನೀವೇ ಹೇಳಿದ್ರಲ್ಲ ರೀ. ಕಣ್ಣು ಕುಕ್ಕುತ್ತೆ ಅಂದಿದ್ದಕ್ಕೆ, ಮುಚ್ಕೋ, ನನಗೆ ಬೇಕಿರೋದು ಕೆನ್ನೆ ಅಂತ.”

ಹೇಳಿದ್ದ. ಯಾವ ವರ್ಷವೋ, ಹೊರಗೆ ಗಿರಾಕಿಯ ಕುಟುಂಬ ಬೆಂಚಿನ ಮೇಲೆ ಕಾಯುತ್ತಿದ್ದಾಗ, ತಲೆ ಎತ್ತದೆ ಹೇಳಿದ್ದ. ಅಂದಿನಿಂದ ಇಂದಿನವರೆಗೆ ಈ ಸ್ಟೂಲಿನ ಮೇಲೆ ಅವಳು ಕಣ್ಣು ಮುಚ್ಚಿಕೊಂಡೇ ಕೂತಿದ್ದಾಳೆ; ಅವನು ಕೆನ್ನೆ ನೋಡಿ ನೋಡಿ ಅಳಿಸಿದ್ದಾನೆ. ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ ಎಂದು ಜೇಬಿನ ಫೋಟೋ ಹೊರತೆಗೆದ. ಅದು ಬೆವರಿಗೆ ಸ್ವಲ್ಪ ಬಾಗಿತ್ತು.

“ಇದು ನಿಮ್ಮ ಹತ್ರ ಇತ್ತಾ?” ಎಂದಳು ಅವಳು. “ಒಂದು ಕಮ್ಮಿ ಇದೆಯಲ್ಲ ಅಂತ ಎಣಿಸ್ತಿದ್ದೆ.”

“ಯಾವ ಲೈಟಲ್ಲಿ ತೆಗೆದ ಅವನು?”

“ಲೈಟೆಲ್ಲಿ? ರಿಪೇರಿಗೆ ಹೋಗಿತ್ತಂತೆ. ಕಿಟಕಿ ಹತ್ರ ಕೂರ್ಸಿದ್ರು.”

ಅವನು ಫೋಟೋ ನೋಡಿದ. ಚೌಕ, ಅಡ್ಡಕ್ಕೊಂದು ಸರಳು, ಉದ್ದಕ್ಕೊಂದು ಸರಳು. ಸಾಫ್ಟ್‌ಬಾಕ್ಸು ಗೋಡೆಯ ಕಪ್ಪು ಹಲಗೆಗೆ ಬೆನ್ನು ತಾಗಿಸಿಕೊಂಡು ನಿಂತಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವನ ಕಥೆಯನ್ನು ಚಿಕ್ಕಂದಿನಲ್ಲಿ ಅಮ್ಮ ಹೇಳುವಾಗ, ಅಂಥ ದಡ್ಡ ಎಲ್ಲಿರುತ್ತಾನೆ ಎಂದು ನಕ್ಕಿದ್ದ.

“ಅಲ್ಲಿಗೆ ಯಾಕೆ ಹೋದೆ?” ಎಂದು ಕೇಳಿಯೇಬಿಟ್ಟ. ದನಿ ತಾನಂದುಕೊಂಡದ್ದಕ್ಕಿಂತ ಸಣ್ಣಗೆ ಬಂತು.

ಅವಳು ಆಶ್ಚರ್ಯದಿಂದ ನೋಡಿದಳು. ತಪ್ಪಿತಸ್ಥೆಯ ಮುಖವಲ್ಲ, ವಿದ್ಯಾರ್ಥಿಯೊಬ್ಬ ಸುಲಭದ ಲೆಕ್ಕ ಯಾಕೆ ತಪ್ಪಿದ ಎಂದು ನೋಡುವಾಗಿನ ಮುಖ. “ಶಾಲೆ ಪಕ್ಕದಲ್ಲೇ ಇದೆಯಲ್ಲ. ಗಂಟೆ ಹೊಡೆಯೋಕೆ ಇನ್ನೂ ಟೈಮಿತ್ತು, ಹೋದೆ. ನಿಮ್ಮ ಹತ್ರ ತೆಗೆಸ್ಕೋಬಹುದು ಅಂತ...” ಎಂದು ನಿಲ್ಲಿಸಿ, ನಿಜವಾಗಿಯೂ ಯೋಚಿಸಿ, “ಹೊಳೀಲೇ ಇಲ್ಲ ನೋಡಿ,” ಎಂದಳು.

ಸಿಟ್ಟಿನಿಂದ ಹೋದೆ ಎಂದಿದ್ದರೆ ಅವನು ಜಗಳವಾಡಬಹುದಿತ್ತು. ನಿಮ್ಮ ಬೆಳಕು ಚೆನ್ನಾಗಿಲ್ಲ ಎಂದಿದ್ದರೆ ಹೆಗಲು ನೋಯಿಸಿಕೊಂಡು ತಂದ ಈ ದೀಪವಾದರೂ ಸಾರ್ಥಕವಾಗುತ್ತಿತ್ತು. ಹೊಳೀಲೇ ಇಲ್ಲ ಎಂಬುದಕ್ಕೆ ಯಾವ ಅಂಗಡಿಯಲ್ಲೂ ಸಾಮಾನು ಸಿಗುವುದಿಲ್ಲ. ಅವನು ಫೋಟೋವನ್ನು ಪಕ್ಕದ ಮೇಜಿನ ಮೇಲಿಟ್ಟು ಕ್ಯಾಮೆರಾದ ಹಿಂದೆ ಹೋಗಿ ನಿಂತ, ಮುಖ ಮರೆಮಾಚಲು ಬೇರೆ ಜಾಗ ಆ ಕೋಣೆಯಲ್ಲಿರಲಿಲ್ಲ. “ಕೂತಿರು,” ಎಂದ, “ಇನ್ನೊಂದು ತೆಗೀತೀನಿ.”

ಅವಳು ಕೆನ್ನೆ ತಿರುಗಿಸಿದವಳು, ಕಣ್ಣು ಮುಚ್ಚುವ ಮೊದಲು ಕೇಳಿದಳು:

“ಇಟ್ಕೊಳ್ಳೋದಾ, ಅಳಿಸೋದಾ? ಇಟ್ಕೊಳ್ಳೋದಾದ್ರೆ ಕಣ್ಣು ತೆಗೀತೀನಿ.”

“ಇಟ್ಕೊಳ್ಳೋದು. ಸೋಮವಾರ ಇದನ್ನೇ ಕೊಡು.”

ಅವಳು ಕಿವಿಯ ಪೆನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಕೂದಲು ಸರಿಮಾಡಿಕೊಂಡಳು. ತಿರುಗಿಸಿದ್ದ ಮುಖವನ್ನು ನೇರ ಮಾಡಿ ಅವನನ್ನು ನೋಡಿದಳು. ಏನೋ ಹೇಳುವುದಿದ್ದವಳಂತೆ ತುಟಿ ಒಂದಿಷ್ಟು ತೆರೆಯಿತು. ಅವನು ಒತ್ತಿದ. ಒತ್ತಿದ ಕೂಡಲೇ ಗೊತ್ತಾಯಿತು, ಬಂತು ಎಂದು. ಇಷ್ಟು ವರ್ಷ ಕಸುಬು ಮಾಡಿದ ಕೈಗೆ ಅಷ್ಟು ಗೊತ್ತಾಗುತ್ತದೆ. ತೆರೆಯ ಮೇಲೆ ಅವಳು ಮೂಡಿದಳು. ಅವನು ಮೊದಲು ಕಣ್ಣನ್ನು ದೊಡ್ಡದು ಮಾಡಿ ಒಳಗಿನ ಚೌಕ ನೋಡಿದ, ಚೊಕ್ಕವಾಗಿತ್ತು. ಕೆನ್ನೆಗೆ ಸರಿದು ನೋಡಿದ, ಎಲ್ಲೂ ಬಿಳಿಚಿರಲಿಲ್ಲ. ಸರಿ ಇದೆ ಎಂದುಕೊಂಡ. ಸರಿ ಇದೆ ಎಂದುಕೊಂಡದ್ದೇ ತಡ, ಹದಿನೆಂಟು ವರ್ಷ ಅದರ ಮುಂದಿನ ಕೆಲಸ ಮಾಡುತ್ತ ಬಂದಿದ್ದ ಹೆಬ್ಬೆರಳು ಅವನನ್ನು ಕೇಳದೆ ಅಳಿಸುವ ಗುಂಡಿಗೆ ಹೋಯಿತು. ಟಿಕ್, ಟಿಕ್. ತೆರೆ ಖಾಲಿಯಾಯಿತು.

ಆ ಸದ್ದು ಅವಳಿಗೆ ಗೊತ್ತಿತ್ತು. ಪ್ರತಿ ಸಲ ಮೆಟ್ಟಿಲು ಹತ್ತುವಾಗ ಬೆನ್ನ ಹಿಂದೆ ಕೇಳುತ್ತಿದ್ದ ಸದ್ದು ಅದು. ಅವನು ಬಾಯಿ ತೆರೆದು ಇನ್ನೊಂದು ಎನ್ನುವುದರೊಳಗೆ ಅವಳು ಎದ್ದಾಗಿತ್ತು. ಕೋಪವೇನೂ ಇರಲಿಲ್ಲ, ಸಣ್ಣಗೆ ನಗುತ್ತಲೂ ಇದ್ದಳು.

“ಕಣ್ಣಿನ ಬೆಳಕು ನೋಡ್ಬೇಕಿತ್ತು ಅಂತ ನೇರವಾಗಿ ಹೇಳಿದ್ರೆ ಆಗ್ತಿರ್ಲಿಲ್ವಾ? ಇಟ್ಕೊಳ್ಳೋದು ಅಂತ ಯಾಕೆ ಸುಳ್ಳು,” ಎಂದು, ಬಾಗಿದ ಫೋಟೋವನ್ನು ಅವನ ಪಕ್ಕದ ಮೇಜಿನಿಂದ ಎತ್ತಿಕೊಂಡು, ಅಂಗೈಯಲ್ಲಿ ಒತ್ತಿ ನೇರ ಮಾಡಿದಳು. ದೀಪ ತುಂಬಿಕೊಂಡು ಸಿದ್ಧವಾಗಿ ನಿಂತಿತ್ತು. ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಅವಳು ಪೆನ್ನನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಮೆಟ್ಟಿಲ ಹತ್ತಿರ ಹೋದವಳು, ದಿನವೂ ಕೇಳುವುದನ್ನು ಮರೆತೆನಲ್ಲ ಎನ್ನುವಂತೆ ತಿರುಗಿ ಕೇಳಿದಳು.

“ಸರಿ ಇತ್ತಾ?”

“ಸರಿ ಇತ್ತು,” ಎಂದ.